ಬಸುರಿಯ ವಿಪರೀತ ವಾಂತಿ, ಮಾತ್ರೆಯ ಭಯ, ಮಗುವಿನ ಬೆಳವಣಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಸುರಿಯರ ವಾಂತಿಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಈಗ ನುಂಗುವ ಮಾತ್ರೆಯಿಂದ ಮುಂದೆ ಮಗುವಿನ ಬುದ್ಧಿಗೆ, ಮಾತಿಗೆ ತೊಂದರೆ ಆದೀತೇ? ಈ ಸಲ ಪ್ರಸೂತಿ ತಜ್ಞೆ ಮತ್ತು ಮಕ್ಕಳ ಬೆಳವಣಿಗೆಯ ತಜ್ಞರು ಸೇರಿ ಉತ್ತರಿಸಿದ್ದಾರೆ. ಔಷಧಿಯ ಪ್ರಮಾಣಗಳನ್ನು ತಿಳಿವಳಿಕೆಗೆಂದು ಕೊಟ್ಟಿದೆ. ನಿಮ್ಮ ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ಇದನ್ನು ನೋಡಿ ನೀವೇ ಬದಲಿಸಬೇಡಿ.

ಪ್ರಶ್ನೆ: ನನಗೀಗ ಒಂಬತ್ತು ವಾರ. ದಿನಕ್ಕೆ ಹತ್ತು ಹನ್ನೆರಡು ಸಲ ವಾಂತಿ, ಕುಡಿದ ನೀರೂ ನಿಲ್ಲುವುದಿಲ್ಲ. 52 ಕೆ.ಜಿ. ಇದ್ದವಳು 49ಕ್ಕೆ ಇಳಿದಿದ್ದೇನೆ. ಡಾಕ್ಟರು ರಾತ್ರಿಗೆ ಎರಡು ಡಾಕ್ಸಿನೇಟ್, ಅದಕ್ಕೂ ನಿಲ್ಲದಿದ್ದರೆ ಒಂಡಾನ್ಸೆಟ್ರಾನ್ 4 ಮಿ.ಗ್ರಾಂ. ಬರೆದಿದ್ದಾರೆ. ಅತ್ತೆಯವರು ‘ನಾವೇನು ಮಾತ್ರೆ ನುಂಗಿ ಹೆತ್ತವರಾ? ಮೂರು ತಿಂಗಳು ತಡ್ಕೊಂಡ್ರೆ ತಾನೇ ನಿಲ್ಲುತ್ತೆ’ ಅನ್ನುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ಆಟಿಸಂ ಎಂದು ಬರುತ್ತದೆ. ಹೆದರಿ ಮಾತ್ರೆ ನುಂಗದೆ ಹಾಗೇ ಇಟ್ಟಿದ್ದೇನೆ.
– ಓದುಗರು, ಹಾಸನ

ಉತ್ತರ: ಇವತ್ತಿನಿಂದಲೇ ಮಾತ್ರೆ ಶುರು ಮಾಡಿ. ಜೊತೆಗೆ ನಾಳೆಯೊಳಗೆ ಮತ್ತೆ ಡಾಕ್ಟರ ಹತ್ತಿರ ಹೋಗಿ, ಏಕೆಂದರೆ ನೀವು ಬರೆದಿರುವ ಲಕ್ಷಣಗಳು ಮಾಮೂಲಿ ಬಸುರಿ ವಾಂತಿಯವಲ್ಲ. ಬಸಿರಾಗುವ ಮುಂಚಿನ ತೂಕದಲ್ಲಿ ನೂರಕ್ಕೆ 5 ಭಾಗಕ್ಕಿಂತ ಹೆಚ್ಚು ಇಳಿದರೆ ಅದನ್ನು ತೀವ್ರ ವಾಂತಿ ಎಂದೇ ಹಿಡಿಯಬೇಕು. 52 ಕೆ.ಜಿ.ಗೆ ಆ ಗಡಿ ಎರಡು ಕೆ.ಜಿ. ಆರುನೂರು ಗ್ರಾಂ. ನೀವು ಅದನ್ನು ದಾಟಿದ್ದೀರಿ. ನೀರೂ ನಿಲ್ಲುತ್ತಿಲ್ಲ ಎಂದ ಮೇಲೆ ರಕ್ತ ಪರೀಕ್ಷೆ, ಬಹುಶಃ ಡ್ರಿಪ್ ಕೂಡ ಬೇಕಾಗುತ್ತದೆ.

ನಿಮ್ಮ ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ನೂರು ಬಸುರಿಯರಲ್ಲಿ ಎಪ್ಪತ್ತು ಮಂದಿಗಾದರೂ ಓಕರಿಕೆ, ವಾಂತಿ ಇರುತ್ತದೆ. ಹೆಚ್ಚಿನವರಿಗೆ ಅದು ತಡೆದುಕೊಳ್ಳುವಷ್ಟೇ ಇದ್ದು ತಾನಾಗಿ ನಿಲ್ಲುತ್ತದೆ. ತೀವ್ರ ವಾಂತಿ ಬರುವುದು ನೂರರಲ್ಲಿ ಹೆಚ್ಚೆಂದರೆ ಮೂವರಿಗೆ. ಇದರ ಮುಖ್ಯ ಕಾರಣ ಈಚೆಗೆ ಗೊತ್ತಾಗಿದೆ. ಗರ್ಭದಲ್ಲಿ ಜಿಡಿಎಫ್15 ಎಂಬ ಹಾರ್ಮೋನು ತಯಾರಾಗಿ ತಾಯಿಯ ರಕ್ತಕ್ಕೆ ಸೇರುತ್ತದೆ, ಮೆದುಳಿನಲ್ಲಿ ವಾಂತಿಯನ್ನು ಹುಟ್ಟಿಸುವ ಜಾಗವನ್ನು ಕೆಣಕುತ್ತದೆ. ಬಸಿರಿಗೆ ಮೊದಲು ಯಾರ ಮೈಯಲ್ಲಿ ಈ ಹಾರ್ಮೋನು ಕಡಿಮೆ ಇತ್ತೋ ಅವರಿಗೆ ಇದ್ದಕ್ಕಿದ್ದಂತೆ ಏರಿದಾಗ ತಡೆಯಲಾಗುವುದಿಲ್ಲ. ಮಾರ್ಲೀನಾ ಫೆಜೊ, ಸ್ಟೀಫನ್ ಓ’ರಾಹಿಲಿ ಮೊದಲಾದವರು 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ಸಂಶೋಧನೆ ಇದು. ಹಾಗಾಗಿ ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಮಾತಿನಿಂದ ಈ ವಾಂತಿ ನಿಲ್ಲುವಂಥದ್ದಲ್ಲ ಎಂದು ಅತ್ತೆಯವರಿಗೆ ಧೈರ್ಯವಾಗಿ ಹೇಳಬಹುದು.

ಈಗ ಮಾತ್ರೆ. ಡಾಕ್ಸಿನೇಟ್‌ನಲ್ಲಿ ಇರುವುದು ಡಾಕ್ಸಿಲಮಿನ್ 10 ಮಿ.ಗ್ರಾಂ., ಪಿರಿಡಾಕ್ಸಿನ್ 10 ಮಿ.ಗ್ರಾಂ. ಮೊದಲನೆಯದು ಅಲರ್ಜಿಗೆ ಕೊಡುವ ಔಷಧಿಗಳ ಜಾತಿಯದು, ಎರಡನೆಯದು ಬಿ6 ವಿಟಮಿನ್. ಬಸುರಿಯರಲ್ಲಿ ಇಷ್ಟು ಹೆಚ್ಚು ಪರೀಕ್ಷೆಗೆ ಒಳಗಾದ ಔಷಧಿಗಳು ಕಡಿಮೆ. ಅಂಗಾಂಗದ ದೋಷ ಹೆಚ್ಚಿದ್ದು ಕಂಡುಬಂದಿಲ್ಲ. ಬುದ್ಧಿಯ ವಿಚಾರಕ್ಕೆ ಬಂದರೆ, ಟೊರಾಂಟೊದಲ್ಲಿ ಇದೇ ಔಷಧಿ ತೆಗೆದುಕೊಂಡ ತಾಯಂದಿರ ಮಕ್ಕಳನ್ನು 3ರಿಂದ 7ನೇ ವಯಸ್ಸಿನಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧಿ ತೆಗೆದುಕೊಳ್ಳದವರ ಮಕ್ಕಳಿಗಿಂತ ಇವರೇನೂ ಹಿಂದೆ ಬಿದ್ದಿರಲಿಲ್ಲ. ಅಧ್ಯಯನ ಸಣ್ಣದು, ಆದರೆ ಅದು ನೇರವಾಗಿ ನಿಮ್ಮ ಪ್ರಶ್ನೆಯನ್ನೇ ಕೇಳಿದೆ.

ನುಂಗುವುದರಲ್ಲಿ ಆಗುವ ತಪ್ಪುಗಳಿಂದಲೇ ಎಷ್ಟೋ ಜನರಿಗೆ ಈ ಮಾತ್ರೆ ‘ಹಿಡಿಯುವುದಿಲ್ಲ’. ಇದು ನಿಧಾನವಾಗಿ ಕರಗುವ ಮಾತ್ರೆ. ಮಲಗುವಾಗ ನುಂಗಿದ್ದು ಬೆಳಗಿನ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ವಾಂತಿ ಶುರುವಾದ ಮೇಲೆ ನುಂಗಿದರೆ ಆ ಹೊತ್ತಿಗೆ ಉಪಯೋಗವಿಲ್ಲ. ಪುಡಿ ಮಾಡಬಾರದು, ಅಗಿಯಬಾರದು. ಹೊಟ್ಟೆ ಖಾಲಿ ಇದ್ದಾಗ ನೀರಿನೊಂದಿಗೆ ನುಂಗಿ, ಊಟದ ಜೊತೆಗೆ ತೆಗೆದುಕೊಂಡರೆ ತಡವಾಗುತ್ತದೆ. ವಾಂತಿ ಇರಲಿ ಬಿಡಲಿ ಪ್ರತಿದಿನ ತೆಗೆದುಕೊಳ್ಳಬೇಕು, ಪೂರ್ತಿ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು. ಎರಡರಲ್ಲಿ ಹತೋಟಿಗೆ ಬರದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಎರಡು ಎಂದು ದಿನಕ್ಕೆ ನಾಲ್ಕರವರೆಗೆ ಡಾಕ್ಟರು ಏರಿಸುತ್ತಾರೆ. ತೂಕಡಿಕೆ ಬರುತ್ತದೆ, ಸ್ಕೂಟರ್ ಓಡಿಸಬೇಡಿ.

ಒಂಡಾನ್ಸೆಟ್ರಾನ್ ಬಗ್ಗೆ ಇರುವ ಅನುಮಾನ ಮೆದುಳಿನದಲ್ಲ, ಸೀಳುತುಟಿ ಮತ್ತು ಸೀಳು ಅಂಗುಳಿನದು. ಅಮೆರಿಕದಲ್ಲಿ 18 ಲಕ್ಷ ಬಸಿರುಗಳನ್ನು ನೋಡಿ 2018ರಲ್ಲಿ ಬಂದ ಅಧ್ಯಯನದ ಲೆಕ್ಕ ಹೀಗಿದೆ: ಮಾತ್ರೆ ತೆಗೆದುಕೊಳ್ಳದಿದ್ದರೆ ಹತ್ತು ಸಾವಿರಕ್ಕೆ ಸುಮಾರು 11 ಮಕ್ಕಳಿಗೆ, ಮೊದಲ ಮೂರು ತಿಂಗಳಲ್ಲಿ ತೆಗೆದುಕೊಂಡರೆ ಸುಮಾರು 14 ಮಕ್ಕಳಿಗೆ. ಅಂದರೆ ಹತ್ತು ಸಾವಿರಕ್ಕೆ ಮೂರು ಹೆಚ್ಚು. ಹೃದಯದ ದೋಷ ಹೆಚ್ಚಿರಲಿಲ್ಲ. ಇದೇ ಕಾರಣಕ್ಕೆ ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಮೊದಲ ಮೂರು ತಿಂಗಳು ಬೇಡವೆಂದಿತು. ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಘ ಮಾತ್ರ, ಬೇರೆ ಔಷಧಿಗೆ ಬಗ್ಗದ ವಾಂತಿಗೆ ತಿಳಿಸಿ ಹೇಳಿ ಕೊಡಬಹುದು ಎನ್ನುತ್ತದೆ. ನಮ್ಮ ಅಭಿಪ್ರಾಯವೂ ಅದೇ. ಮೊದಲು ಡಾಕ್ಸಿನೇಟ್, ಅದು ಸಾಲದಾದರೆ ಒಂಡಾನ್ಸೆಟ್ರಾನ್ ಎಂದು ನಿಮ್ಮ ಡಾಕ್ಟರು ಹಾಕಿರುವ ಸಾಲು ಸರಿಯಾಗಿದೆ. ಇದರಿಂದ ಮಲಬದ್ಧತೆ, ತಲೆನೋವು ಬರಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದ್ದರೆ ಹೃದಯದ ಬಡಿತ ತಪ್ಪುವ ಅಪಾಯ ಇರುವುದರಿಂದ, ವಾರಗಟ್ಟಲೆ ವಾಂತಿಯಾದವರು ಪೊಟ್ಯಾಸಿಯಂ ನೋಡಿಸಿಕೊಂಡೇ ಮುಂದುವರಿಸಬೇಕು. ಹುಟ್ಟಿನಿಂದ ಹೃದಯದ ಲಯದ ತೊಂದರೆ ಇರುವವರು ಮೊದಲೇ ಹೇಳಬೇಕು.

ಇನ್ನು ಆಟಿಸಂ, ಅಂದರೆ ಮಗು ಬೇರೆಯವರೊಂದಿಗೆ ಬೆರೆಯುವುದಕ್ಕೆ, ಮಾತಾಡುವುದಕ್ಕೆ ತೊಡಕಾಗುವ ಬೆಳವಣಿಗೆಯ ತೊಂದರೆ. ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಆಸ್ಪತ್ರೆ ಸಮೂಹದಲ್ಲಿ 1991ರಿಂದ 2014ರವರೆಗೆ ಹುಟ್ಟಿದ ಸುಮಾರು ಐದು ಲಕ್ಷ ಮಕ್ಕಳ ದಾಖಲೆ ನೋಡಿದಾಗ, ತೀವ್ರ ವಾಂತಿ ಇದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ನೂರಕ್ಕೆ 53ರಷ್ಟು ಹೆಚ್ಚಿತ್ತು. ನೀವು ಓದಿದ್ದು ಬಹುಶಃ ಇದನ್ನೇ. ಅದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ನಂಟು ಕಂಡದ್ದು ಕಾಯಿಲೆಗೆ. ವಾಂತಿಯ ಔಷಧಿಗಳಿಗೆ ನಂಟು ಕಾಣಲಿಲ್ಲ. ಎರಡು, 53 ಎಂದರೆ ನೂರರಲ್ಲಿ 53 ಮಕ್ಕಳಲ್ಲ. ನೂರರಲ್ಲಿ ಇಬ್ಬರಿಗೆ ಹೇಗೂ ಬರುತ್ತದೆ ಎಂದು ಇಟ್ಟುಕೊಂಡರೆ ಅದು ಮೂವರಾಗುತ್ತದೆ, ಉಳಿದ 97 ಮಕ್ಕಳಿಗೆ ಇಲ್ಲ. ಮಾತ್ರೆ ಬಿಟ್ಟರೆ ನೀವು ತಪ್ಪಿಸಿಕೊಳ್ಳುವುದು ಔಷಧಿಯನ್ನು, ಕಾಯಿಲೆಯನ್ನಲ್ಲ.

ಪ್ರಶ್ನೆ: ಮೆಡಿಕಲ್ ಶಾಪ್ ನಡೆಸುತ್ತೇನೆ. ಡಾಕ್ಸಿಲಮಿನ್ ಅಮೆರಿಕದಲ್ಲಿ ಒಮ್ಮೆ ಮಾರುಕಟ್ಟೆಯಿಂದ ಹೋಗಿತ್ತು ಎಂದು ಕೇಳಿದ್ದೇನೆ. ಗಿರಾಕಿಗಳು ಕೇಳಿದರೆ ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಹೋಗಿದ್ದು ನಿಜ, ಕಾರಣ ಬೇರೆ. ಇದಕ್ಕೆ ಮೊದಲು ಥಾಲಿಡೊಮೈಡ್ ನೆನಪಿಸಿಕೊಳ್ಳಬೇಕು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಯ ಔಷಧಿಯಾಗಿ ಬಂದು, ಬಸುರಿಯರ ಓಕರಿಕೆಗೂ ಬಳಕೆಯಾದ ಅದು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಕೈಕಾಲುಗಳನ್ನು ಊನ ಮಾಡಿತು. 1961ರ ನವೆಂಬರಿನಲ್ಲಿ ಅದನ್ನು ಅಲ್ಲಿ ಹಿಂದಕ್ಕೆ ಪಡೆದರು. ಬಸುರಿಗೆ ಮಾತ್ರೆ ಎಂದರೆ ಜಗತ್ತು ಬೆಚ್ಚುವುದು ಅಲ್ಲಿಂದ, ಆ ಭಯಕ್ಕೆ ಅರ್ಥವಿದೆ.

ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಜೋಡಿ 1956ರಿಂದ ಅಮೆರಿಕದಲ್ಲಿ ಬೆಂಡೆಕ್ಟಿನ್ ಎಂಬ ಹೆಸರಿನಲ್ಲಿತ್ತು. ಮೂರು ಕೋಟಿಗೂ ಹೆಚ್ಚು ಬಸುರಿಯರು ನುಂಗಿದರು. ಇಷ್ಟು ಜನ ನುಂಗುವಾಗ, ಮಾತ್ರೆ ಇದ್ದರೂ ಇಲ್ಲದಿದ್ದರೂ ನೂರಕ್ಕೆ ಮೂರರಂತೆ ಹುಟ್ಟುವ ದೋಷಗಳು ಇವರ ಮಕ್ಕಳಲ್ಲೂ ಕಂಡವು. ಮೊಕದ್ದಮೆಗಳು ಸಾಲುಗಟ್ಟಿದವು. ವಕೀಲರ ಖರ್ಚು ತಾಳದೆ 1983ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಸರ್ಕಾರ ನಿಷೇಧಿಸಲಿಲ್ಲ. ಆಮೇಲೆ ಆದದ್ದು ಗಿರಾಕಿಗಳಿಗೆ ಹೇಳಬೇಕಾದ ಸಂಗತಿ: ಮಾತ್ರೆ ಹೋದ ಮೇಲೆ ಅಮೆರಿಕದಲ್ಲಿ ಹುಟ್ಟು ದೋಷಗಳ ಪ್ರಮಾಣ ಇಳಿಯಲಿಲ್ಲ, ವಾಂತಿಗಾಗಿ ಆಸ್ಪತ್ರೆ ಸೇರುವ ಬಸುರಿಯರ ಪ್ರಮಾಣ ಸುಮಾರು ಎರಡರಷ್ಟಾಯಿತು. 2013ರಲ್ಲಿ ಅದೇ ಜೋಡಿಗೆ ಅಲ್ಲಿನ ಔಷಧ ಇಲಾಖೆ ಮತ್ತೆ ಒಪ್ಪಿಗೆ ಕೊಟ್ಟಿತು. ಕೆನಡಾದಲ್ಲಿ ಅದು ನಿಂತೇ ಇರಲಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ‘ವಾಂತಿ ಮಾತ್ರೆ ಕೊಡಿ’ ಎಂದು ಗಂಡ ಬಂದು ಕೇಳಿದಾಗ ಬಸುರಿಗೋ ಎಂದು ಕೇಳಿ, ಚೀಟಿ ನೋಡಿ. ಮೆಟೊಕ್ಲೊಪ್ರಮೈಡ್ ಕೂಡ ವಾಂತಿಯದೇ. ಬಸಿರಿನಲ್ಲಿ ಮಗುವಿನ ಮಟ್ಟಿಗೆ ಅದರ ದಾಖಲೆ ಚೆನ್ನಾಗಿದೆ. ಡೆನ್ಮಾರ್ಕಿನಲ್ಲಿ ಹನ್ನೆರಡು ಲಕ್ಷ ಬಸಿರುಗಳನ್ನು ನೋಡಿ 2013ರಲ್ಲಿ ಬಂದ ಅಧ್ಯಯನದಲ್ಲಿ ದೋಷ ಹೆಚ್ಚಿರಲಿಲ್ಲ. ಆದರೆ ತಾಯಿಗೆ, ಅದರಲ್ಲೂ ಎಳೆ ವಯಸ್ಸಿನವರಿಗೆ, ದವಡೆ ಸೆಳೆದುಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ತಿರುಗಿ ನಿಲ್ಲುವುದು ಆಗಬಹುದು. ಹಾಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಇಂಜೆಕ್ಷನ್ನಿನಲ್ಲಿ ಬೇಗ ಸರಿಹೋಗುತ್ತದೆ. ಐದು ದಿನ, ದಿನಕ್ಕೆ 30 ಮಿ.ಗ್ರಾಂ. ಎಂಬ ಮಿತಿ ಹಾಕಿರುವುದು ಇದಕ್ಕೇ.

ಪ್ರಶ್ನೆ: ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಅಮ್ಮ, ಅಪ್ಪ, ನೀರು, ಬಾ ಸೇರಿ ಹತ್ತು ಪದ ಆಡುತ್ತಾನೆ. ಎರಡು ಪದ ಕೂಡಿಸುವುದಿಲ್ಲ. ಬಸಿರಿನಲ್ಲಿ ನನಗೆ ಐದು ತಿಂಗಳು ವಿಪರೀತ ವಾಂತಿ, ಒಂಡಾನ್ಸೆಟ್ರಾನ್ ಮಾತ್ರೆ, ನಾಲ್ಕು ಸಲ ಆಸ್ಪತ್ರೆ. ನಾನು ನುಂಗಿದ ಮಾತ್ರೆಯಿಂದಲೇ ಹೀಗಾಯಿತೇ? ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಹಾಗೇ ಅಂದುಕೊಂಡಿದ್ದಾರೆ ಅನ್ನಿಸುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಅಮ್ಮಾ, ಮಾತ್ರೆಯಿಂದ ಹೀಗಾಯಿತು ಎನ್ನಲು ಆಧಾರವಿಲ್ಲ. ಇಲ್ಲಿ ತಪ್ಪು ತಿಳಿವಳಿಕೆ ಹುಟ್ಟುವುದು ಹೀಗೆ: ಯಾರಿಗೆ ವಾಂತಿ ಹೆಚ್ಚೋ ಅವರೇ ಹೆಚ್ಚು ಮಾತ್ರೆ ನುಂಗುತ್ತಾರೆ. ಆ ಮಕ್ಕಳಲ್ಲಿ ಏನಾದರೂ ಕಂಡರೆ ಕಣ್ಣಿಗೆ ಬೀಳುವುದು ಮಾತ್ರೆ. ಮಳೆಗಾಲದಲ್ಲಿ ಕೊಡೆ ಹಿಡಿದವರೇ ಹೆಚ್ಚು ಒದ್ದೆಯಾಗಿ ಕಂಡರೆ ಕೊಡೆಯಿಂದ ಮಳೆ ಬಂತು ಎಂದ ಹಾಗೆ. ಇದನ್ನು ಬಿಡಿಸಿ ನೋಡಲು, ಅಷ್ಟೇ ವಾಂತಿ ಇದ್ದು ಮಾತ್ರೆ ನುಂಗಿದವರನ್ನೂ ನುಂಗದವರನ್ನೂ ಹೋಲಿಸಬೇಕು. ಫೆಜೊ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಹತ್ತಿರದ್ದು. ತೀವ್ರ ವಾಂತಿ ಅನುಭವಿಸಿದವರ ಮಕ್ಕಳಲ್ಲಿ ಮಾತು, ಗಮನ, ಇಂದ್ರಿಯ ಸಂವೇದನೆಯಂಥ ಬೆಳವಣಿಗೆಯ ತೊಂದರೆ ಮೂರು ಪಟ್ಟಿಗಿಂತ ಹೆಚ್ಚು ವರದಿಯಾಗಿತ್ತು. ಒಂಡಾನ್ಸೆಟ್ರಾನ್ ಸೇರಿ ಯಾವ ಔಷಧಿಗೂ ಅದಕ್ಕೂ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ಐದನೇ ವಾರಕ್ಕೂ ಮೊದಲೇ ವಾಂತಿ ಶುರುವಾಗಿದ್ದಕ್ಕೆ. ಅದರ ಕೊರತೆಯನ್ನೂ ಹೇಳಬೇಕು: ಕೆಲವೇ ನೂರು ಮಕ್ಕಳು, ಅದೂ ತಾಯಂದಿರೇ ಕೊಟ್ಟ ಮಾಹಿತಿ. ಹಾಗಾಗಿ ಮೂರು ಪಟ್ಟು ಎಂಬ ಅಂಕಿಯನ್ನು ನಾವು ಎದೆಗೆ ಹಚ್ಚಿಕೊಳ್ಳುವುದಿಲ್ಲ. ದಿಕ್ಕು ಮಾತ್ರ ಕ್ಯಾಲಿಫೋರ್ನಿಯಾದ ಅಧ್ಯಯನ ತೋರಿದ ದಿಕ್ಕೇ. ಹೊಟ್ಟೆಗಿಲ್ಲದೆ ಸೊರಗಿದ ದಿನಗಳ ಕಡೆಗೆ ಬೆರಳು ಹೋಗುತ್ತದೆ, ಮಾತ್ರೆಯ ಕಡೆಗಲ್ಲ. ನೀವು ಮಾತ್ರೆ ನುಂಗಿ ಆ ದಿನಗಳನ್ನು ಕಡಿಮೆ ಮಾಡಿದಿರಿ.

ಕಾರಣ ಹುಡುಕುವುದಕ್ಕಿಂತ ಈಗ ಮಾಡಬೇಕಾದ ಕೆಲಸ ದೊಡ್ಡದು, ಅದಕ್ಕೆ ತಡ ಮಾಡಬಾರದು. ಎರಡು ವರ್ಷ ತುಂಬುವ ಹೊತ್ತಿಗೆ ಐವತ್ತರ ಆಸುಪಾಸು ಪದ, ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂಥ ಎರಡು ಪದದ ಜೋಡಣೆ ಬರಬೇಕು. ನಿಮ್ಮ ಮಗನ ಮಾತು ಹಿಂದೆ ಬಿದ್ದಿದೆ, ತಪಾಸಣೆ ಬೇಕು. ‘ಗಂಡು ಮಕ್ಕಳು ತಡವಾಗಿ ಮಾತಾಡ್ತಾರೆ’, ‘ಅವರಪ್ಪನೂ ಹಾಗೇ ಇದ್ದ’ ಎಂದು ಮೂರು ವರ್ಷದವರೆಗೆ ಕಾಯುವುದರಲ್ಲಿ ಅತಿ ಬೆಲೆಯುಳ್ಳ ತಿಂಗಳುಗಳು ಹೋಗುತ್ತವೆ. ಬಜೆ ತೇಯ್ದು ನಾಲಿಗೆಗೆ ತಿಕ್ಕುವುದರಿಂದ ಮಾತು ಬರುವುದಿಲ್ಲ, ಮಗುವಿಗೆ ವಾಂತಿಯಾಗಬಹುದು. ನಾಲಿಗೆಯ ಕೆಳಗಿನ ನರ ಕತ್ತರಿಸಿದರೆ ಮಾತು ಬರುತ್ತದೆ ಎಂಬುದೂ ಇಂಥ ಮಕ್ಕಳ ಮಟ್ಟಿಗೆ ಸುಳ್ಳು.

ಮೊದಲ ಪರೀಕ್ಷೆ ಕಿವಿಯದು. ಹಿಂದೆ ನಿಂತು ಚಪ್ಪಾಳೆ ತಟ್ಟಿದರೆ ತಿರುಗುತ್ತಾನೆ ಎಂಬುದು ಸಾಲದು. ಯಂತ್ರದಿಂದ ಕಿವಿ ಕೇಳುವುದನ್ನು ಅಳೆಯುವ ಒಎಇ, ಬೇಕಾದರೆ ಬೆರಾ ಪರೀಕ್ಷೆ ಮಾಡಿಸಿ. ಕಿವಿಯೊಳಗೆ ನೀರು ನಿಂತು ಅರೆಬರೆ ಕೇಳುವ ಮಕ್ಕಳೂ ಸದ್ದಿಗೆ ತಿರುಗುತ್ತವೆ. ಎರಡನೆಯದು ಆಟಿಸಂ ತಪಾಸಣೆ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಇದೆ, ನಿಮ್ಮ ಮಗ ಇನ್ನೂ ಆ ವಯಸ್ಸಿನೊಳಗಿದ್ದಾನೆ. ಡಾಕ್ಟರ ಹತ್ತಿರ ಹೋಗುವ ಮುಂಚೆ ನೀವು ಗಮನಿಸಿ ಬರೆದುಕೊಳ್ಳಿ: ಹೆಸರು ಕರೆದರೆ ತಿರುಗಿ ಮುಖ ನೋಡುತ್ತಾನೆಯೇ, ಬೇಕಾದದ್ದನ್ನು ಬೆರಳು ತೋರಿಸಿ ಕೇಳುತ್ತಾನೆಯೇ, ಆಕಾಶದಲ್ಲಿ ವಿಮಾನ ಕಂಡರೆ ‘ನೋಡು’ ಎಂದು ನಿಮಗೂ ತೋರಿಸುತ್ತಾನೆಯೇ, ನೀವು ಮಾಡಿದ್ದನ್ನು ಅನುಕರಿಸುತ್ತಾನೆಯೇ, ಕೈ ತೋರಿಸದೆ ಬರೀ ಮಾತಿನಲ್ಲಿ ‘ಚಪ್ಪಲಿ ತಗೊಂಡು ಬಾ’ ಎಂದರೆ ತರುತ್ತಾನೆಯೇ. ಇವೆಲ್ಲ ಇದ್ದು ಮಾತು ಮಾತ್ರ ತಡವಾಗಿದ್ದರೆ ಮುಂದಿನ ದಾರಿ ಬಹಳ ಮಟ್ಟಿಗೆ ಹಗುರ. ಬಂದಿದ್ದ ಪದಗಳು ಮಾಯವಾಗುತ್ತಿದ್ದರೆ ಆ ವಾರವೇ ತೋರಿಸಬೇಕು.

ಹೋಗಬೇಕಾದ ಜಾಗ: ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗೆಂದೇ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ, ಖರ್ಚಿಲ್ಲ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ತಪಾಸಣೆಯೂ ಕನ್ನಡದಲ್ಲೇ ಆಗುತ್ತದೆ. ಹೋಗುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಹುಟ್ಟಿದ ತೂಕ, ನೀವು ನುಂಗಿದ ಮಾತ್ರೆಗಳ ಚೀಟಿ ಒಯ್ಯಿರಿ.

ಅಲ್ಲಿಯವರೆಗೆ ಮೊಬೈಲು, ಟಿ.ವಿ. ಪೂರ್ತಿ ಬಂದ್ ಮಾಡಿ. ಅವನ ಮುಖದ ಮಟ್ಟಕ್ಕೆ ಕೂತು ಮಾತಾಡಿ. ಅವನು ‘ನೀರು’ ಎಂದರೆ ನೀವು ‘ತಣ್ಣೀರು ಬೇಕಾ’ ಎಂದು ಒಂದು ಪದ ಸೇರಿಸಿ ಹೇಳಿ, ಏಳೆಂಟು ಸೆಕೆಂಡು ಸುಮ್ಮನೆ ಕಾಯಿರಿ. ನಾವು ದೊಡ್ಡವರು ಕಾಯದೆ ನಾವೇ ಉತ್ತರ ಕೊಟ್ಟುಬಿಡುತ್ತೇವೆ, ಮಗುವಿಗೆ ಬಾಯಿ ತೆರೆಯಲು ಬಿಡುವೇ ಸಿಗುವುದಿಲ್ಲ.

ಪ್ರಶ್ನೆ: ಹೆಂಡತಿಗೆ ಹನ್ನೊಂದು ವಾರ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೂರು ಸಲ ಗ್ಲೂಕೋಸ್ ಹಾಕಿಸಿದೆವು. ಎರಡು ದಿನ ಪರವಾಗಿಲ್ಲ, ಮತ್ತೆ ಅದೇ ಪಾಡು. ದೊಡ್ಡ ಆಸ್ಪತ್ರೆಗೆ ಯಾವಾಗ ಹೋಗಬೇಕು, ಅಲ್ಲಿ ಏನು ಕೇಳಬೇಕು?
– ಓದುಗರು, ತುಮಕೂರು

ಉತ್ತರ: ಈಗಲೇ ಹೋಗಿ. ಮೂರು ಸಲ ಡ್ರಿಪ್ ಬೇಕಾಯಿತು ಎಂಬುದೇ ಸಾಕಷ್ಟು ಕಾರಣ. ಬೇರೆ ಓದುಗರಿಗೂ ತಿಳಿದಿರಲಿ: ಎಂಟು ಗಂಟೆ ಮೂತ್ರ ಬಾರದಿದ್ದರೆ, ಬಂದರೂ ಕಡುಹಳದಿಯಾಗಿದ್ದರೆ, ಒಂದು ಹಗಲು ಒಂದು ರಾತ್ರಿ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆನೋವು ಜೊತೆಗಿದ್ದರೆ ಕಾಯಬಾರದು.

ಬಾಟಲಿಯಲ್ಲಿ ಏನಿತ್ತು ಎಂದು ಕೇಳಿ ತಿಳಿದುಕೊಳ್ಳಿ. ತೀವ್ರ ವಾಂತಿಗೆ ಮೊದಲು ಬೇಕಾದದ್ದು ಉಪ್ಪಿನ ದ್ರಾವಣ, ಅಂದರೆ ನಾರ್ಮಲ್ ಸಲೈನ್, ರಕ್ತದ ವರದಿ ನೋಡಿ ಅದರಲ್ಲಿ ಪೊಟ್ಯಾಸಿಯಂ. ಸಕ್ಕರೆ ಇರುವ ಡೆಕ್ಸ್‌ಟ್ರೋಸ್ ಬಾಟಲಿಯನ್ನು ಬಿ1 ವಿಟಮಿನ್, ಅಂದರೆ ಥಯಾಮಿನ್ ಕೊಡದೆ ಹಾಕಬಾರದು. ಮೈಯಲ್ಲಿ ಥಯಾಮಿನ್ ದಾಸ್ತಾನು ಎರಡು ಮೂರು ವಾರಕ್ಕೆ ಮಾತ್ರ ಸಾಕು. ಪಾಲಿಶ್ ಮಾಡಿದ ಅಕ್ಕಿಯ ಅನ್ನವೇ ಮುಖ್ಯ ಊಟವಾದವರಲ್ಲಿ ಅದೂ ಕಡಿಮೆ ಇರುತ್ತದೆ. ಅದು ಖಾಲಿಯಾದ ಹೊತ್ತಿನಲ್ಲಿ ಸಕ್ಕರೆ ಸುರಿದರೆ, ಸಕ್ಕರೆಯನ್ನು ಅರಗಿಸಲು ಉಳಿದಿದ್ದ ಥಯಾಮಿನ್ ಕೂಡ ಖರ್ಚಾಗಿ ತಾಯಿಯ ಮೆದುಳಿಗೆ ಪೆಟ್ಟು ಬೀಳುತ್ತದೆ. ವೆರ್ನಿಕೆ ಎಂಬ ಈ ಕಾಯಿಲೆಯಲ್ಲಿ ಒಂದು ವಸ್ತು ಎರಡಾಗಿ ಕಾಣುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ನಡಿಗೆ ತೂರಾಡುತ್ತದೆ, ಮಾತು ಗೊಂದಲವಾಗುತ್ತದೆ. ತಡವಾದರೆ ನೆನಪಿನ ಶಕ್ತಿ ಮರಳಿ ಬಾರದೆಯೂ ಹೋಗಬಹುದು, ಮಗುವೂ ಉಳಿಯದಿರಬಹುದು. ಮಗುವಿನ ಮೆದುಳಿನ ಚಿಂತೆ ಮಾಡುವ ಮನೆಗಳಲ್ಲಿ ತಾಯಿಯ ಮೆದುಳಿಗೆ ಬೇಕಾದ ಈ ಅಗ್ಗದ ವಿಟಮಿನ್ ಮರೆತುಹೋಗುವುದು ನಮಗೆ ಬಹಳ ಸಂಕಟದ ವಿಷಯ. ಎರಡು ವಾರ ಮೀರಿ ವಾಂತಿ ಇದ್ದವರಿಗೆಲ್ಲ ಥಯಾಮಿನ್ ಕೊಡಬೇಕು, ಸಾಮಾನ್ಯವಾಗಿ ದಿನಕ್ಕೆ 100 ಮಿ.ಗ್ರಾಂ. ಅಥವಾ ಹೆಚ್ಚು. ಮಾತ್ರೆ ನಿಲ್ಲದಿದ್ದರೆ ನರಕ್ಕೆ ಇಂಜೆಕ್ಷನ್. ಮಾಮೂಲಿ ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಅಷ್ಟು ಇರುವುದಿಲ್ಲ, ಡಬ್ಬಿಯ ಮೇಲೆ ಓದಿ ನೋಡಿ.

ಆಸ್ಪತ್ರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿ, ಲಿವರ್, ಥೈರಾಯ್ಡ್, ಮೂತ್ರದ ಸೋಂಕು ನೋಡುತ್ತಾರೆ. ಸ್ಕ್ಯಾನ್ ಆಗಿರದಿದ್ದರೆ ಆಗಲೇಬೇಕು, ಅವಳಿ ಅಥವಾ ಮುತ್ತುಗರ್ಭ (ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಗಡ್ಡೆ ಬೆಳೆಯುವ ಬಸಿರು) ಇದ್ದರೂ ವಾಂತಿ ವಿಪರೀತವಾಗುತ್ತದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಎಂಬ ಅಂಕಿ ಕಡಿಮೆ ಬಂದರೆ ಗಾಬರಿ ಬೇಡ. ಬಸಿರಿನ ಹಾರ್ಮೋನಿನಿಂದ ಹಾಗಾಗುತ್ತದೆ, ಬಹುಮಟ್ಟಿಗೆ ಔಷಧಿ ಬೇಕಾಗುವುದಿಲ್ಲ. ಮೂತ್ರದಲ್ಲಿ ಕೀಟೋನ್ (ಉಪವಾಸದಲ್ಲಿ ಮೈಯ ಕೊಬ್ಬು ಕರಗಿ ಬರುವ ಅಂಶ) ಇಲ್ಲ ಎಂದು ಯಾರಾದರೂ ಮನೆಗೆ ಕಳಿಸಿದರೆ ಒಪ್ಪಬೇಡಿ. ಕೀಟೋನ್ ನೋಡಿ ತೀವ್ರತೆ ಅಳೆಯಬಾರದು ಎಂದು ಬ್ರಿಟನ್ನಿನ 2024ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ತೂಕ, ಮೂತ್ರದ ಪ್ರಮಾಣ, ದಿನಕ್ಕೆ ಎಷ್ಟು ವಾಂತಿ ಎಂಬ ಲೆಕ್ಕ ಬರೆದುಕೊಂಡು ಹೋಗಿ. ಅಡ್ಮಿಟ್ ಆದಾಗ ಹೊಟ್ಟೆಗೆ ದಿನವೂ ಒಂದು ಸಣ್ಣ ಇಂಜೆಕ್ಷನ್ ಕೊಟ್ಟರೆ ಅದು ರಕ್ತ ಹೆಪ್ಪುಗಟ್ಟದಿರಲು. ಏನೂ ಕೇಳದ ವಾಂತಿಗೆ ಸ್ಟಿರಾಯ್ಡ್ ಕೂಡ ಇದೆ. ಅದನ್ನು ಕೊನೆಗೆ, ಸಾಧ್ಯವಾದರೆ ಹತ್ತು ವಾರ ದಾಟಿದ ಮೇಲೆ ಕೊಡುತ್ತಾರೆ.

ಪ್ರಶ್ನೆ: ತಂಗಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಅಲ್ಲಿ ಸೈಕ್ಲಿಜಿನ್ ಎಂಬ ಬೇರೆಯೇ ಮಾತ್ರೆ ಕೊಟ್ಟಿದ್ದಾರೆ. ಇಲ್ಲಿಂದ ಡಾಕ್ಸಿನೇಟ್ ಕಳಿಸಲೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಅಲ್ಲಿ ಸೈಕ್ಲಿಜಿನ್, ಪ್ರೊಮೆಥಜಿನ್, ಪ್ರೊಕ್ಲೊರ್‌ಪೆರಜಿನ್, ಡಾಕ್ಸಿಲಮಿನ್ ಜೋಡಿ ಎಲ್ಲವೂ ಮೊದಲ ಸಾಲಿನವೇ. ನಮ್ಮ ಡಾಕ್ಸಿನೇಟ್‌ನಲ್ಲಿರುವ ಔಷಧಿಯೇ ಅಲ್ಲಿ 2018ರಿಂದ ಕ್ಸಾನ್ವಿಯಾ ಎಂಬ ಹೆಸರಿನಲ್ಲಿ ಸಿಗುತ್ತದೆ. ಸೈಕ್ಲಿಜಿನ್ ಮತ್ತು ಡಾಕ್ಸಿಲಮಿನ್ ಎರಡೂ ಒಂದೇ ಜಾತಿಯವು, ಕೇಳದೆ ಎರಡನ್ನೂ ನುಂಗಿದರೆ ನಿದ್ದೆ, ಬಾಯಿ ಒಣಗುವುದು ಹೆಚ್ಚಾಗುತ್ತದೆ. ಒಂದು ಕೆಲಸ ಮಾಡದಿದ್ದರೆ ಬದಲಿಸಿ ಎಂದು ಅಲ್ಲಿನ ಜಿಪಿಯನ್ನೇ, ಅಂದರೆ ಕುಟುಂಬ ವೈದ್ಯರನ್ನೇ ಕೇಳಲಿ.

ಪ್ರಶ್ನೆ: ಅಕ್ಕ ಹತ್ತು ವರ್ಷ ಕಾದು ಬಸಿರಾದವಳು. ಈಗ ‘ಈ ಬಸಿರೇ ಬೇಡ, ತೆಗೆಸಿಬಿಡಿ’ ಎಂದು ಅಳುತ್ತಾಳೆ. ಇದು ವಾಂತಿಯಿಂದಲೋ, ಮನಸ್ಸಿನ ಕಾಯಿಲೆಯೋ?
– ಓದುಗರು, ಶಿವಮೊಗ್ಗ

ಉತ್ತರ: ತೀವ್ರ ವಾಂತಿಯಲ್ಲಿ ಈ ಮಾತು ಅಪರೂಪವಲ್ಲ. ಬ್ರಿಟನ್ನಿನಲ್ಲಿ ಇದನ್ನು ಅನುಭವಿಸಿದ ಐದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕೇಳಿದಾಗ, ನೂರಕ್ಕೆ ಸುಮಾರು ಐವರು ತಾವೇ ಬಯಸಿದ ಬಸಿರನ್ನು ವಾಂತಿ ತಾಳಲಾರದೆ ತೆಗೆಸಿದ್ದರು, ನಾಲ್ವರಲ್ಲಿ ಒಬ್ಬರಿಗೆ ಸಾಯುವ ಯೋಚನೆ ಆಗೊಮ್ಮೆ ಈಗೊಮ್ಮೆ ಬಂದಿತ್ತು. ಅಕ್ಕನಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ, ವಾರಗಟ್ಟಲೆ ಹೊಟ್ಟೆಗೆ ಊಟ, ಕಣ್ಣಿಗೆ ನಿದ್ದೆ ಇಲ್ಲದೆ ಸೋತಿದ್ದಾರೆ. ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಔಷಧಿ ಸಾಲುತ್ತಿಲ್ಲ ಎಂಬುದೇ ಈ ಮಾತಿನ ಮೊದಲ ಅರ್ಥ, ಅದನ್ನು ಹಾಗೆಯೇ ಪ್ರಸೂತಿ ತಜ್ಞರಿಗೆ ಹೇಳಿ. ಸಾಯುವ ಮಾತು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ, ಬಾಣಂತಿಯರ ಮನಸ್ಸಿನ ತೊಂದರೆಗೆಂದೇ ವಿಭಾಗವಿದೆ.

ಪ್ರಶ್ನೆ: ಮೊದಲ ಬಸಿರಿನಲ್ಲಿ 8 ಕೆ.ಜಿ. ಇಳಿದಿದ್ದೆ. ಮಗಳು ಆರೋಗ್ಯವಾಗಿದ್ದಾಳೆ. ಎರಡನೆಯದು ಬೇಕು, ಆದರೆ ಹೆದರಿಕೆ. ಮೊದಲೇ ಮಾಡಬಹುದಾದದ್ದೇನಾದರೂ ಇದೆಯೇ?
– ಓದುಗರು, ಕುಂದಾಪುರ

ಉತ್ತರ: ಇದೆ. ಮತ್ತೆ ಬರುವ ಸಾಧ್ಯತೆ ಹೆಚ್ಚು ಎಂದೇ ತಿಳಿದು ಸಿದ್ಧರಾಗಿ. ಬಸಿರಿಗೆ ಒಂದು ತಿಂಗಳಾದರೂ ಮುಂಚಿನಿಂದ ಫೋಲಿಕ್ ಆಸಿಡ್ ಸಹಿತ ವಿಟಮಿನ್ ಮಾತ್ರೆ ಶುರು ಮಾಡಿದರೆ ವಾಂತಿಯ ತೀವ್ರತೆ ಇಳಿಯುತ್ತದೆ. ರಕ್ತ ಕಡಿಮೆ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ, ವಾಂತಿ ಶುರುವಾದ ಮೇಲೆ ಕಬ್ಬಿಣದ ಮಾತ್ರೆ ನಿಲ್ಲುವುದಿಲ್ಲ. ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಗೊತ್ತಾದ ಕೂಡಲೇ, ವಾಂತಿಗೆ ಕಾಯದೆ, ಡಾಕ್ಸಿಲಮಿನ್ ಜೋಡಿ ಆರಂಭಿಸುವುದು ಹಿಂದೆ ತೀವ್ರ ವಾಂತಿ ಅನುಭವಿಸಿದವರಿಗೆ ಉಪಯೋಗವಾಗಿದೆ. ಈ ಚೀಟಿಯನ್ನು ಬಸಿರಿಗೆ ಮೊದಲೇ ಬರೆಸಿಟ್ಟುಕೊಳ್ಳಿ. ಕಳೆದ ಸಲ ಯಾವ ಔಷಧಿ ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಮೂರನೇ ತಿಂಗಳು ಮುಗಿಯುವವರೆಗೆ ದೊಡ್ಡ ಮಗಳನ್ನು ನೋಡಿಕೊಳ್ಳುವವರು ಯಾರು, ಅಡುಗೆ ಯಾರದು ಎಂಬುದು ಈಗಲೇ ತೀರ್ಮಾನವಾಗಲಿ.

ಪ್ರಶ್ನೆ: ಒಗ್ಗರಣೆ ವಾಸನೆಗೇ ವಾಂತಿ. ಏನು ತಿನ್ನಲಿ? ಕಬ್ಬಿಣದ ಮಾತ್ರೆ ನುಂಗಿದರೆ ಇನ್ನೂ ಜೋರಾಗುತ್ತದೆ.
– ಓದುಗರು, ಗದಗ

ಉತ್ತರ: ಮೊದಲ ಮೂರು ತಿಂಗಳು ಕಬ್ಬಿಣ ಬಿಡಬಹುದೇ ಎಂದು ಡಾಕ್ಟರನ್ನು ಕೇಳಿ, ರಕ್ತ ತೀರಾ ಕಡಿಮೆ ಇಲ್ಲದಿದ್ದರೆ ಬಿಡಿಸುತ್ತಾರೆ. ಸರ್ಕಾರದ ಕಾರ್ಯಕ್ರಮದಲ್ಲೂ ಕಬ್ಬಿಣ ಶುರುವಾಗುವುದು ನಾಲ್ಕನೇ ತಿಂಗಳಿಂದ. ಸಣ್ಣ ಫೋಲಿಕ್ ಆಸಿಡ್ ಮಾತ್ರೆ ಮಾತ್ರ ಬಿಡಬೇಡಿ, ದಿನದಲ್ಲಿ ವಾಂತಿ ಕಡಿಮೆ ಇರುವ ಹೊತ್ತಿಗೆ ನುಂಗಿ. ಹಾಸಿಗೆಯಿಂದ ಏಳುವ ಮುಂಚೆ ಒಣ ಮಂಡಕ್ಕಿ, ಹುರಿಗಡಲೆ ಅಥವಾ ಖಡಕ್ ರೊಟ್ಟಿಯ ಚೂರು ಅಗಿಯಿರಿ. ಬಿಸಿ ಅಡುಗೆಗಿಂತ ಆರಿದ್ದಕ್ಕೆ ವಾಸನೆ ಕಡಿಮೆ, ಹಾಗಾಗಿ ಮೊಸರನ್ನ, ತಣ್ಣಗಿನ ಗಂಜಿ ಒಗ್ಗಬಹುದು. ತಿನ್ನುವಾಗ ಕುಡಿಯಬೇಡಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ದೊಡ್ಡದಾದರೆ ಒಂದು ಲೀಟರಿಗೆ ಕಲಸಿ, ತಣ್ಣಗೆ ಮಾಡಿ, ಐದೈದು ನಿಮಿಷಕ್ಕೆ ಎರಡು ಚಮಚದಂತೆ ಹೀರಿ. ಒಂದೇ ಸಲ ಲೋಟ ಎತ್ತಿದರೆ ಹೊಟ್ಟೆ ಹಿಗ್ಗಿ ಎಲ್ಲ ಹೊರಗೆ ಬರುತ್ತದೆ. ಶುಂಠಿ ಸಾಧಾರಣ ಓಕರಿಕೆಗೆ ಸರಿ, ತೀವ್ರ ವಾಂತಿಯಲ್ಲಿ ಗಂಟಲು ಉರಿಸುತ್ತದೆ. ವಾಂತಿಯಾದ ತಕ್ಷಣ ಹಲ್ಲುಜ್ಜಬೇಡಿ, ಹುಳಿಯಿಂದ ಮೆದುವಾದ ಹಲ್ಲು ಸವೆಯುತ್ತದೆ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಒಗ್ಗರಣೆ ಹಾಕುವ ಕೆಲಸ ಸದ್ಯಕ್ಕೆ ಮನೆಯವರು ಯಾರಾದರೂ ವಹಿಸಿಕೊಳ್ಳಲಿ, ಆ ಹೊತ್ತಿಗೆ ನೀವು ಅಂಗಳದಲ್ಲೋ ಮಾಳಿಗೆಯ ಮೇಲೋ ಗಾಳಿಗೆ ಕೂತಿರಿ.